ಕಾಫಿ ಆರುವ ಮುಂಚೆ ಕೆನಡಾ ರಾಜಕೀಯದ ಜಗಳ ಆಡುವುದು ಹೇಗೆ

ನಾನು ಕೆನಡಾದ ಒಂಟಾರಿಯೊದಲ್ಲಿರುವ ಬ್ರಾಂಪ್ಟನ್‌ನಲ್ಲಿ ಸ್ಕೂಲ್ ಬಸ್ ಓಡಿಸುತ್ತೇನೆ. ಹುಟ್ಟೂರು ಶಿವಮೊಗ್ಗದ ಹತ್ತಿರ. ಬೆಳಗ್ಗೆ ಆರೂವರೆಗೆ ಸರ್ಕಲ್ ಚೆಕ್. ಅಂದರೆ ಬಸ್ಸಿನ ಸುತ್ತ ಒಂದು ಸುತ್ತು ಬಂದು ಟೈರು, ಲೈಟು, ಬಾಗಿಲು ನೋಡುವುದು. ಒಂಬತ್ತಕ್ಕೆ ಮಕ್ಕಳನ್ನು ಇಳಿಸಿದರೆ ಮತ್ತೆ ಕೆಲಸ ಮಧ್ಯಾಹ್ನ ಎರಡೂಕಾಲಿಗೆ. ನಡುವಿನ ಐದು ಗಂಟೆ ನಾವು ನಾಲ್ಕೈದು ಡ್ರೈವರುಗಳು ಕಾಫಿ ಹಿಡಿದು ಕೂತು ಕೆನಡಾ ದೇಶವನ್ನು ನಡೆಸುತ್ತೇವೆ.

ನಮ್ಮಲ್ಲಿ ಜಮೈಕಾದ ಒಬ್ಬ ಅಜ್ಜ ಇದ್ದಾರೆ. ಜಲಂಧರ್‌ನ ದೀದಿ ಇದ್ದಾರೆ. ನ್ಯೂಫೌಂಡ್‌ಲ್ಯಾಂಡ್‌ನಿಂದ ಬಂದ ಎತ್ತರದ ಮನುಷ್ಯ ಒಬ್ಬರು. ಇಟಲಿ ಮೂಲದ ಅಜ್ಜಿ ಒಬ್ಬರು, ಅವರಿಗೆ ಎಲ್ಲದರ ಬೆಲೆಯೂ ಬಾಯಿಪಾಠ. ಮತ್ತೆ ನಾನು. ಐದು ಜನ, ಕನಿಷ್ಠ ಆರು ಅಭಿಪ್ರಾಯ.

ಈಚೆಗೆ ಬಂದ ಕನ್ನಡದವರು ಕೆಲವರು ನನ್ನನ್ನು ಕೇಳುತ್ತಾರೆ: "ಆಂಟಿ, ಆಫೀಸಲ್ಲಿ ರಾಜಕೀಯದ ಮಾತು ಬಂದರೆ ಸುಮ್ನೆ ಕೂರ್ತೀವಿ. ಏನು ಮಾತಾಡೋದು?" ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಕಲಿತದ್ದು ಮರ್ಯಾದೆ ಕಳೆದುಕೊಂಡು.

ಮೊದಲು ನಿಮ್ಮ ಮನೆಯ ಲೆಕ್ಕ ನೋಡಿ

2024ರ ಅಕ್ಟೋಬರ್. ಪೆಟ್ರೋಲ್ ಹಾಕಿಸಿ ಬಂದ ಸಿಟ್ಟಿನಲ್ಲಿ ನಾನು ಕಾರ್ಬನ್ ಟ್ಯಾಕ್ಸ್ ಬಗ್ಗೆ, ಅಂದರೆ ಇಂಧನದ ಮೇಲೆ ಹಾಕಿ ಆಮೇಲೆ ಜನರಿಗೆ ವಾಪಸ್ ಕೊಡುತ್ತಿದ್ದ ತೆರಿಗೆಯ ಬಗ್ಗೆ, ಜೋರಾಗಿ ಭಾಷಣ ಬಿಗಿದೆ. ಆಗ ಲೀಟರಿಗೆ 17.6 ಸೆಂಟ್ ಇತ್ತು. "ವಾಪಸ್ ಕೊಡ್ತೀವಿ ಅಂತಾರೆ, ನನಗೆ ಒಂದು ಪೈಸೆ ಬಂದಿಲ್ಲ" ಅಂದೆ.

ಅಜ್ಜ ಕನ್ನಡಕದ ಮೇಲಿಂದ ನೋಡಿದರು. "ನಿನ್ನ ಗಂಡನ ಅಕೌಂಟ್ ನೋಡಿದೀಯಾ?"

ಸಂಜೆ ಮನೆಗೆ ಹೋಗಿ ನೋಡಿದರೆ ಮೂರು ತಿಂಗಳಿಗೊಮ್ಮೆ 280 ಡಾಲರ್ ಅವರ ಅಕೌಂಟಿಗೆ ತಣ್ಣಗೆ ಬಂದು ಬೀಳುತ್ತಿದೆ. ಒಂಟಾರಿಯೊದಲ್ಲಿ ನಾಲ್ಕು ಜನರ ಸಂಸಾರಕ್ಕೆ ಆ ವರ್ಷ 1,120 ಡಾಲರ್. ಗಂಡ ಹೆಂಡತಿ ಇಬ್ಬರಲ್ಲಿ ಯಾರ ಟ್ಯಾಕ್ಸ್ ರಿಟರ್ನ್ ಮೊದಲು ಪರಿಶೀಲನೆ ಆಗುತ್ತದೋ ಅವರಿಗೇ ಪೂರ್ತಿ ದುಡ್ಡು. ನಮ್ಮವರು ಫೆಬ್ರವರಿಯಲ್ಲೇ ಫೈಲ್ ಮಾಡುವ ಜಾತಿ. ನಾನು ಏಪ್ರಿಲ್ ಕೊನೆಯವಳು. "ಹೇಳ್ಬೇಕು ಅನ್ನಿಸಲಿಲ್ವಾ?" ಅಂದೆ. "ನೀನು ಕೇಳಲಿಲ್ಲ" ಅಂದರು. ಅದು ಬೇರೆ ಜಗಳ.

ಮರುದಿನ ಅಜ್ಜನ ಮುಂದೆ ಒಪ್ಪಿಕೊಂಡೆ. ಆದರೂ ಟ್ಯಾಕ್ಸ್ ಬೇಡ ಅನ್ನುವ ನನ್ನ ಮಾತು ಬಿಡಲಿಲ್ಲ. ದೂರ ಓಡಿಸುವವರಿಗೆ, ಹಳೇ ಮನೆ ಬಿಸಿ ಮಾಡುವವರಿಗೆ ಆ 280 ಸಾಲುವುದಿಲ್ಲ ಅಂತ ವಾದಿಸಿದೆ. ಈ ಸಲ ಅಜ್ಜ ಕಿವಿಗೊಟ್ಟು ಕೇಳಿದರು. ಕೈಯಲ್ಲಿ ಲೆಕ್ಕ ಇತ್ತು, ಅದಕ್ಕೆ. ತಮಾಷೆ ಏನಂದರೆ ನಾನು ಈ ವಿಷಯದಲ್ಲಿ ಪಳಗುವ ಹೊತ್ತಿಗೆ ಹೊಸ ಪ್ರಧಾನಿ ಮಾರ್ಕ್ ಕಾರ್ನಿ ಬಂದು 2025ರ ಏಪ್ರಿಲ್ 1ರಿಂದ ಆ ದರವನ್ನು ಸೊನ್ನೆ ಮಾಡಿಬಿಟ್ಟರು. ಏಪ್ರಿಲ್‌ನಲ್ಲಿ ಕೊನೆಯ ಕಂತು ಬಂತು. ಅದೂ ಅವರ ಅಕೌಂಟಿಗೇ.

ಆಮೇಲೆ ಕೇಳಿ: ಇದು ಯಾರ ಕೆಲಸ?

ಇದೊಂದು ಪ್ರಶ್ನೆ ಕಲಿತರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ನಮ್ಮೂರಲ್ಲಿ ಚರಂಡಿ ಕಟ್ಟಿಕೊಂಡರೆ ಎಂಪಿ ಮನೆ ಮುಂದೆ ಕೂರುತ್ತೇವಾ? ಇಲ್ಲಿ ನಾವು ಮಾಡುವುದು ಅದನ್ನೇ. ಫ್ಯಾಮಿಲಿ ಡಾಕ್ಟರ್ ಸಿಗಲಿಲ್ಲ, ಪ್ರಧಾನಿಗೆ ಬೈಗುಳ. ರಸ್ತೆಯಲ್ಲಿ ಗುಂಡಿ, ಪ್ರಧಾನಿಗೆ ಬೈಗುಳ.

1867ರ ಸಂವಿಧಾನದಲ್ಲೇ ಕೆಲಸ ಹಂಚಿಬಿಟ್ಟಿದ್ದಾರೆ. 91ನೇ ಸೆಕ್ಷನ್ ಒಟ್ಟಾವಾದ್ದು, ಅಂದರೆ ಕೇಂದ್ರ ಸರ್ಕಾರದ್ದು. 92 ಒಂಟಾರಿಯೊದಂಥ ಪ್ರಾವಿನ್ಸ್‌ದು, ನಮ್ಮೂರಿನ ರಾಜ್ಯ ಸರ್ಕಾರ ಇದ್ದ ಹಾಗೆ. ಆಸ್ಪತ್ರೆ ಪ್ರಾವಿನ್ಸ್ ನಡೆಸಬೇಕು. ಒಟ್ಟಾವಾ ದುಡ್ಡು ಕೊಡುತ್ತದೆ, 1984ರ ಕೆನಡಾ ಹೆಲ್ತ್ ಆಕ್ಟ್ ಮೂಲಕ ಷರತ್ತು ಹಾಕುತ್ತದೆ. ಶಾಲೆ ಪ್ರಾವಿನ್ಸ್. ಕಸ, ಗುಂಡಿ, ಯಾವ ಬೀದಿಯಲ್ಲಿ ಎಷ್ಟು ಅಂತಸ್ತು ಕಟ್ಟಬಹುದು ಅನ್ನುವುದು ಸಿಟಿ. ಬಡ್ಡಿ ದರ ಬ್ಯಾಂಕ್ ಆಫ್ ಕೆನಡಾದ್ದು, ಅದನ್ನು ಪ್ರಧಾನಿಯೂ ಕೂತಲ್ಲಿಂದ ಇಳಿಸಲಾಗದು. ಬಾಡಿಗೆ ಎಷ್ಟು ಏರಿಸಬಹುದು ಅನ್ನುವ ಮಿತಿ ಪ್ರಾವಿನ್ಸ್‌ದು. ಒಂಟಾರಿಯೊದಲ್ಲಿ 2018ರ ನವೆಂಬರ್ 15ರ ನಂತರ ಮೊದಲ ಸಲ ಜನ ವಾಸಕ್ಕೆ ಬಂದ ಮನೆಗಳಿಗೆ ಆ ಮಿತಿಯೇ ಇಲ್ಲ. ಹೊಸ ಕಾಂಡೋ ಫ್ಲ್ಯಾಟುಗಳಲ್ಲಿ ಬಾಡಿಗೆಗಿರುವ ಕನ್ನಡದ ಹುಡುಗರಿಗೆ ಇದು ಗೊತ್ತಿರುವುದೇ ಕಡಿಮೆ.

ಇಮಿಗ್ರೇಷನ್? ಅದು ಬಹುಪಾಲು ಒಟ್ಟಾವಾ. ಆದರೆ ನಿಲ್ಲಿ, ಇಲ್ಲೇ ಇರೋದು ಮಜಾ.

ಬ್ರಾಂಪ್ಟನ್‌ನಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾವೇರುವುದು ವಿದೇಶಿ ವಿದ್ಯಾರ್ಥಿಗಳ ವಿಷಯ. ಒಂದೇ ಬೇಸ್ಮೆಂಟಿನಲ್ಲಿ ಎಂಟು ಹುಡುಗರು, ಬಸ್ ಸ್ಟಾಪಿನಲ್ಲಿ ಉದ್ದ ಸಾಲು, ಪಾರ್ಟ್ ಟೈಮ್ ಕೆಲಸಕ್ಕೆ ನೂಕುನುಗ್ಗಲು. "ಒಟ್ಟಾವಾ ಕಣ್ಣು ಮುಚ್ಚಿ ಪರ್ಮಿಟ್ ಕೊಡ್ತು" ಅಂತ ನ್ಯೂಫೌಂಡ್‌ಲ್ಯಾಂಡ್‌ನವರು ಮೇಜು ಕುಟ್ಟಿದರು. ನಿಜ, ಪರ್ಮಿಟ್ ಕೊಡುವುದು ಒಟ್ಟಾವಾ. ಆದರೆ ಯಾವ ಕಾಲೇಜು ವಿದೇಶಿ ಮಕ್ಕಳನ್ನು ಸೇರಿಸಿಕೊಳ್ಳಬಹುದು ಅಂತ ಒಪ್ಪಿಗೆ ಕೊಡುವುದು ಪ್ರಾವಿನ್ಸ್. ಅದೇ ಪ್ರಾವಿನ್ಸ್ 2019ರಲ್ಲಿ ಇಲ್ಲಿನ ಮಕ್ಕಳ ಫೀಸನ್ನು ಶೇಕಡಾ 10 ಇಳಿಸಿ ಅಲ್ಲೇ ನಿಲ್ಲಿಸಿತು. ಇಲ್ಲಿನವರಿಗೆ ಖುಷಿ. ಕಾಲೇಜುಗಳು ಆ ಕೊರತೆಯನ್ನು ಎಲ್ಲಿಂದ ತುಂಬಿಕೊಂಡವು? ಹಲವು ಪಟ್ಟು ಫೀಸು ಕಟ್ಟುವ ನಮ್ಮ ದೇಶದ ಮಕ್ಕಳಿಂದ. 2024ರ ಜನವರಿಯಲ್ಲಿ ಒಟ್ಟಾವಾ ಮಿತಿ ಹಾಕಿತು: ಆ ವರ್ಷಕ್ಕೆ ಸುಮಾರು 3,60,000 ಹೊಸ ಪರ್ಮಿಟ್, ಹಿಂದಿನ ವರ್ಷಕ್ಕಿಂತ ಶೇಕಡಾ 35 ಕಡಿಮೆ. ಆಮೇಲೆ ಕಾಲೇಜುಗಳಲ್ಲಿ ಕೋರ್ಸುಗಳೇ ಮುಚ್ಚತೊಡಗಿದವು.

ಇದನ್ನು ಹೀಗೆ ಬಿಡಿಸಿಟ್ಟರೆ ಮೇಜಿನ ಮೇಲೆ ಜಗಳ ನಿಲ್ಲುವುದಿಲ್ಲ. ಆದರೆ ಹುಡುಗರ ಮೇಲಿಂದ ಎದ್ದು ಸರ್ಕಾರಗಳ ಮೇಲೆ ಹೋಗುತ್ತದೆ. ನನಗೆ ಅಷ್ಟು ಸಾಕು. ಒಂದು ಮಾತು ನಮ್ಮವರಿಗೆ: ನಾವೂ ವಿಮಾನ ಹತ್ತಿ ಬಂದವರೇ. "ಈಗ ಬರೋರು ಸರಿ ಇಲ್ಲ" ಅಂತ ನಮ್ಮ ಬಾಯಲ್ಲಿ ಬಂದಾಗ ಅಜ್ಜ ನಗುತ್ತಾರೆ. ಅವರು ಬಂದಾಗಲೂ ಯಾರೋ ಅದನ್ನೇ ಅಂದಿದ್ದರಂತೆ.

ಎದುರಿನವರಿಗೆ ಎಲ್ಲಿ ತಟ್ಟಿದೆ?

ಈ ವಿದ್ಯಾರ್ಥಿಗಳ ಜಗಳದಲ್ಲಿ ದೀದಿ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ನಾನು ಅದನ್ನು ಸೊಕ್ಕು ಅಂದುಕೊಂಡಿದ್ದೆ. ಒಂದು ದಿನ ಇಬ್ಬರೇ ಇದ್ದಾಗ ಕೇಳಿದೆ. ಮನೆ ಸಾಲದ ಕಂತು ಕಟ್ಟುತ್ತಿದ್ದದ್ದೇ ಬೇಸ್ಮೆಂಟಿನ ಮೂರು ಹುಡುಗಿಯರ ಬಾಡಿಗೆಯಲ್ಲಿ. ಮಿತಿ ಬಂದ ಮೇಲೆ ಬೇಸ್ಮೆಂಟು ಖಾಲಿ. ಅದಕ್ಕೇ ಶನಿವಾರವೂ ಚಾರ್ಟರ್ ಟ್ರಿಪ್ಪಿಗೆ ಹೋಗುತ್ತಿದ್ದರು.

ನ್ಯೂಫೌಂಡ್‌ಲ್ಯಾಂಡ್‌ನವರ ಕತೆ ಇನ್ನೂ ಹಳೆಯದು. "ಒಟ್ಟಾವಾ" ಅಂದ ಕೂಡಲೇ ಅವರ ಮುಖ ಬಿಗಿಯುತ್ತದೆ. ಯಾವ ಪಕ್ಷ ಅನ್ನುವುದು ಲೆಕ್ಕಕ್ಕಿಲ್ಲ. 1992ರ ಜುಲೈನಲ್ಲಿ ಫೆಡರಲ್ ಸರ್ಕಾರ ಅಲ್ಲಿನ ಕಾಡ್ ಮೀನು ಹಿಡಿಯುವುದನ್ನು ನಿಲ್ಲಿಸಿತು. ಮೀನುಗಾರಿಕೆ ಒಟ್ಟಾವಾದ ಕೆಲಸ, 91ನೇ ಸೆಕ್ಷನ್. ಸಮುದ್ರದಲ್ಲಿ ಮೀನೇ ಮುಗಿದಿತ್ತು, ನಿಲ್ಲಿಸದೆ ದಾರಿ ಇರಲಿಲ್ಲ. ಆದರೆ ಮೀನು ಮುಗಿಯುವವರೆಗೆ ಹಿಡಿಯಲು ಬಿಟ್ಟದ್ದೂ ಅದೇ ಒಟ್ಟಾವಾ ಅನ್ನುವುದು ಅವರ ವಾದ. ಒಂದೇ ಏಟಿಗೆ ಸುಮಾರು 30,000 ಜನರ ಕೆಲಸ ಹೋಯಿತು. ಇವರ ಅಪ್ಪ ದೋಣಿ ಮಾರಿದರು. ಇವರು ಇಪ್ಪತ್ತೆರಡನೇ ವಯಸ್ಸಿಗೆ ಒಂಟಾರಿಯೊಗೆ ಬಂದರು. ಇದನ್ನು ಕೇಳಿದಾಗ ನನಗೆ ಶರಾವತಿ ಹಿನ್ನೀರಿಗೆ ಊರು ಬಿಟ್ಟು ಬಂದ ನಮ್ಮ ಅತ್ತೆಯ ಕಡೆಯವರು ನೆನಪಾದರು. "ಸರ್ಕಾರ" ಅಂದರೆ ಅವರ ಮುಖವೂ ಹೀಗೇ ಬಿಗಿಯುತ್ತಿತ್ತು. ಅಂಥವರ ಮುಂದೆ ಅಂಕಿ ಅಂಶ ಹಿಡಿದು ಹೋಗಬೇಡಿ. ಮೊದಲು ದೋಣಿಯ ಕತೆ ಕೇಳಿ.

ಚುನಾವಣೆಯ ಮಾತು ಬಂದರೆ

"ಜನ ಕಾರ್ನಿಗೆ ಓಟ್ ಹಾಕಿದರು" ಅಂತ ಯಾರಾದರೂ ಅಂದರೆ ನಯವಾಗಿ ತಿದ್ದಬಹುದು. ಕಾರ್ನಿಗೆ ಓಟ್ ಹಾಕಿದ್ದು ನೆಪಿಯನ್ ರೈಡಿಂಗ್‌ನವರು ಮಾತ್ರ. ಇಲ್ಲಿ ಕ್ಷೇತ್ರಕ್ಕೆ ರೈಡಿಂಗ್ ಅನ್ನುತ್ತಾರೆ. ನಮ್ಮಲ್ಲಿಯ ಹಾಗೇ, ನೀವು ಆರಿಸುವುದು ಎಂಪಿಯನ್ನು. ಅದೇ ನೆಪಿಯನ್‌ಗೆ 2015ರಿಂದ ಹತ್ತು ವರ್ಷ ಎಂಪಿ ಆಗಿದ್ದವರು ಶಿರಾ ತಾಲ್ಲೂಕಿನ ಚಂದ್ರ ಆರ್ಯ. 2022ರ ಮೇನಲ್ಲಿ ಸಂಸತ್ತಿನಲ್ಲಿ ಕನ್ನಡ ಮಾತಾಡಿದರಲ್ಲ, ಅವರೇ. 2025ರಲ್ಲಿ ಲಿಬರಲ್ ಪಕ್ಷ ಅವರ ಟಿಕೆಟ್ ಹಿಂದಕ್ಕೆ ತೆಗೆದುಕೊಂಡಿತು, ಆ ಜಾಗದಲ್ಲಿ ಕಾರ್ನಿ ನಿಂತರು. ಕನ್ನಡದವರ ಊಟದ ಮನೆಗಳಲ್ಲಿ ಇದರ ಮೇಲೆ ಇವತ್ತಿಗೂ ಎರಡು ಬಣ ಇದೆ. ಪಾಯಸ ಬರುವವರೆಗೆ ತಡೆಯಿರಿ, ಆಮೇಲೆ ಎತ್ತಿ.

2025ರ ಏಪ್ರಿಲ್ 28ರ ಲೆಕ್ಕ ಬಾಯಲ್ಲಿರಲಿ. 343 ಸೀಟು, ಬಹುಮತಕ್ಕೆ 172. ಲಿಬರಲ್‌ಗೆ 169. ಓಟಿನಲ್ಲಿ ಲಿಬರಲ್ ಶೇಕಡಾ 43.8, ಕನ್ಸರ್ವೇಟಿವ್ 41.3. ಅಂದರೆ ನಿಮ್ಮ ಎದುರು ಕೂತವರು ನಿಮಗೆ ವಿರುದ್ಧ ಇರುವ ಸಾಧ್ಯತೆ ಚೆನ್ನಾಗಿಯೇ ಇದೆ. ಕನ್ಸರ್ವೇಟಿವ್ ನಾಯಕ ಪಿಯರ್ ಪೊಯ್ಲಿಯೆವ್ ಅವರು ತಮ್ಮ ಸ್ವಂತ ರೈಡಿಂಗ್‌ನಲ್ಲೇ ಸೋತು, ಆಗಸ್ಟ್‌ನಲ್ಲಿ ಆಲ್ಬರ್ಟಾದ ಉಪಚುನಾವಣೆಯಲ್ಲಿ ಗೆದ್ದು ಬಂದರು.

ಆ ಏಪ್ರಿಲ್ 28ರಂದು ನನ್ನ ಮಗಳ ಮೊದಲ ಓಟು. ಕಾಗದದ ಚೀಟಿ, ಒಂದು ಮೋಟು ಪೆನ್ಸಿಲ್. "ಅಮ್ಮ, ಇಷ್ಟೇನಾ? ನನ್ನ ಒಂದು ಓಟಿಂದ ಏನಾಗುತ್ತೆ?" ಅಂದಳು. ಎರಡು ವಾರದಲ್ಲಿ ಕ್ವಿಬೆಕ್‌ನ ಟೆರ್ಬಾನ್‌ನಲ್ಲಿ ಮರುಎಣಿಕೆ ಮಾಡಿದರೆ ಗೆದ್ದವರಿಗೂ ಸೋತವರಿಗೂ ಅಂತರ ಒಂದೇ ಓಟು. ವಿಷಯ ಕೋರ್ಟಿಗೂ ಹೋಯಿತು. ಅವಳಿಗೆ ಆ ಸುದ್ದಿ ಕಳಿಸಿದೆ. ಹೆಬ್ಬೆರಳು ಎತ್ತಿದ ಚಿತ್ರ ಒಂದನ್ನು ವಾಪಸ್ ಕಳಿಸಿದಳು.

ವಾಟ್ಸಾಪ್ ಬಗ್ಗೆ

2023ರ ಆಗಸ್ಟ್‌ನಿಂದ ಕೆನಡಾದಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ಸುದ್ದಿಯ ಲಿಂಕ್ ತೆರೆಯುವುದಿಲ್ಲ. ಸುದ್ದಿಗೆ ದುಡ್ಡು ಕೊಡಬೇಕು ಅನ್ನುವ ಕಾನೂನು ಬಂತು, ಮೆಟಾ ಕಂಪನಿ ಸುದ್ದಿಯನ್ನೇ ಮುಚ್ಚಿತು. ಹಾಗಾಗಿ ಜನ ಸ್ಕ್ರೀನ್‌ಶಾಟ್ ಹಂಚುತ್ತಾರೆ. ಸ್ಕ್ರೀನ್‌ಶಾಟಿಗೆ ತಾರೀಖಿಲ್ಲ, ತಲೆಬುಡ ಇಲ್ಲ.

"ಬಿಲ್ ಪಾಸಾಯ್ತು, ಇನ್ನು ನಮ್ಮ ಕತೆ ಮುಗೀತು" ಅಂತ ಬಂದರೆ ಬಿಲ್ಲಿನ ನಂಬರ್ ಕೇಳಿ. ಸಿ ಅಂತ ಶುರುವಾದರೆ ಹೌಸ್ ಆಫ್ ಕಾಮನ್ಸ್‌ನಲ್ಲಿ ಹುಟ್ಟಿದ್ದು, ಎಸ್ ಅಂದರೆ ಸೆನೆಟ್. ಸಂಸತ್ತಿನ ವೆಬ್‌ಸೈಟಿನಲ್ಲಿ ಆ ನಂಬರ್ ಹಾಕಿದರೆ ಎಲ್ಲಿಗೆ ಬಂದಿದೆ ಅಂತ ತೋರಿಸುತ್ತದೆ. ಎರಡೂ ಸದನದಲ್ಲಿ ಮೂರು ಮೂರು ರೀಡಿಂಗ್, ಅಂದರೆ ಮೂರು ಹಂತ, ಕೊನೆಗೆ ರಾಜನ ಹೆಸರಿನಲ್ಲಿ ಒಪ್ಪಿಗೆ, ಅದಕ್ಕೆ ರಾಯಲ್ ಅಸೆಂಟ್ ಅನ್ನುತ್ತಾರೆ. ಪಾಸಾಯ್ತು ಅಂತ ಬರುವ ಎಷ್ಟೋ ಬಿಲ್ಲು ಮೊದಲ ರೀಡಿಂಗ್‌ನಲ್ಲೇ ಕೂತಿರುತ್ತವೆ. ಇನ್ನೊಂದು, ಪ್ರತಿ ಅಧಿವೇಶನಕ್ಕೂ ನಂಬರ್ ಮತ್ತೆ ಮೊದಲಿಂದ ಶುರು. ಹಳೇ ಸಿ-18 ಬೇರೆ, ಹೊಸ ಸಿ-18 ಬೇರೆ. ನಮ್ಮ ಗುಂಪಿನ ಹಿರಿಯರೊಬ್ಬರಿಗೆ ಇದನ್ನು ಹೇಳಿದ್ದಕ್ಕೆ ಎರಡು ದಿನ ಗುಡ್ ಮಾರ್ನಿಂಗ್ ಹೂವು ಕಳಿಸಲಿಲ್ಲ. ಲಾಭವೇ.

ಅಭ್ಯಾಸಕ್ಕೆ ಹಾಲಿನಿಂದ ಶುರು ಮಾಡಿ

ಹೊಸಬರಿಗೆ ಹಾಲು ಒಳ್ಳೆ ವಿಷಯ. ಒಂಟಾರಿಯೊದಲ್ಲಿ ನಾಲ್ಕು ಲೀಟರ್ ಹಾಲು ಮೂರು ಪ್ಲಾಸ್ಟಿಕ್ ಪ್ಯಾಕೆಟ್‌ನಲ್ಲಿ ಬರುತ್ತದೆ, ನಂದಿನಿ ಕವರಿಗೆ ಒಗ್ಗಿದ ನಮಗೆ ಅದೊಂದು ಸಮಾಧಾನ. ಹಾಲು, ಮೊಟ್ಟೆ, ಕೋಳಿಗೆ ಇಲ್ಲಿ ಕೋಟಾ ಪದ್ಧತಿ ಇದೆ. ರೈತರು ಎಷ್ಟು ಉತ್ಪಾದಿಸಬೇಕು ಅಂತ ಮೊದಲೇ ನಿಗದಿ. ಹೊರಗಿನಿಂದ ಮಿತಿ ಮೀರಿ ಬಂದ ಹಾಲಿನ ಪದಾರ್ಥಕ್ಕೆ ಶೇಕಡಾ 200 ದಾಟುವ ಸುಂಕ. ಇಟಲಿ ಅಜ್ಜಿ "ಚೀಸ್ ಬೆಲೆ ನೋಡಿದ್ರಾ" ಅಂತ ಶುರು ಮಾಡುತ್ತಾರೆ. ನ್ಯೂಫೌಂಡ್‌ಲ್ಯಾಂಡ್‌ನವರು "ರೈತ ಬದುಕಬೇಕಲ್ಲ" ಅನ್ನುತ್ತಾರೆ. ಸಂಸತ್ತಿನ ಯಾವ ಪಕ್ಷವೂ ಈ ಪದ್ಧತಿಯನ್ನು ಕೈಬಿಡುವ ಮಾತಾಡುವುದಿಲ್ಲ. ಹಾಗಾಗಿ ಪಕ್ಷದ ಬಣ್ಣ ಅಂಟದೆ ಜಗಳ ಆಡಬಹುದು.

ನಾನು ಎತ್ತದ ವಿಷಯ ಒಂದೇ. 2023ರ ಸೆಪ್ಟೆಂಬರ್ 18ರಂದು ಆಗಿನ ಪ್ರಧಾನಿ ಟ್ರೂಡೊ ಸಂಸತ್ತಿನಲ್ಲಿ, ಖಲಿಸ್ತಾನ್ ಪರ ನಾಯಕ ನಿಜ್ಜರ್ ಕೊಲೆ ಬಗ್ಗೆ ಭಾರತದ ಮೇಲೆ ಆರೋಪದ ಮಾತಾಡಿದರು. ಮೂರು ದಿನಕ್ಕೆ ಕೆನಡಾ ಪಾಸ್‌ಪೋರ್ಟಿನವರಿಗೆ ಭಾರತದ ವೀಸಾ ನಿಂತಿತು. ಆ ವಾರ ದೀದಿಯೂ ನಾನೂ ಆ ಸುದ್ದಿಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವರ ಅಮ್ಮನಿಗೆ ಹುಷಾರಿರಲಿಲ್ಲ, ನನ್ನ ತಮ್ಮನ ಮದುವೆ ಹತ್ತಿರ ಬಂದಿತ್ತು. ವೀಸಾ ಇಲ್ಲದೆ ಭಾರತಕ್ಕೆ ಹೋಗಲು ಬಿಡುವ ಓಸಿಐ ಕಾರ್ಡ್ ಇಬ್ಬರ ಹತ್ತಿರವೂ ಇರಲಿಲ್ಲ. ಒಂದೇ ಫೋನಿನಲ್ಲಿ ತಲೆ ಬಗ್ಗಿಸಿ ಓಸಿಐ ಅರ್ಜಿಗೆ ಏನೇನು ಬೇಕು ಅಂತ ಓದಿದೆವು. ಯಾರು ಸರಿ ಅಂತ ನಾವಿಬ್ಬರೂ ಇವತ್ತಿನವರೆಗೆ ಕೇಳಿಕೊಂಡಿಲ್ಲ.

ಪಿಆರ್, ಅಂದರೆ ಪೌರತ್ವ ಇಲ್ಲದೆ ಕಾಯಂ ವಾಸದ ಅನುಮತಿ ಇರುವವರು "ನಮಗೆ ಓಟಿಲ್ವಲ್ಲ" ಅನ್ನುತ್ತಾರೆ. ಓಟಿಲ್ಲ, ಬಾಯಿ ಇದೆ. ಪಕ್ಷಕ್ಕೆ ದೇಣಿಗೆ ಕೊಡಬಹುದು, ಮನೆ ಮನೆಗೆ ಹೋಗಿ ಪ್ರಚಾರ ಮಾಡಬಹುದು. ನಿಮ್ಮ ಎಂಪಿಗೆ ಹೌಸ್ ಆಫ್ ಕಾಮನ್ಸ್ ವಿಳಾಸಕ್ಕೆ ಕಾಗದ ಬರೆದರೆ ಸ್ಟಾಂಪೂ ಬೇಕಿಲ್ಲ. ಆನ್‌ಲೈನ್ ಪಿಟಿಷನ್‌ಗೆ 500 ಸಹಿ ಬಿದ್ದು ಎಂಪಿ ಅದನ್ನು ಸದನದಲ್ಲಿ ಮಂಡಿಸಿದರೆ 45 ದಿನದೊಳಗೆ ಸರ್ಕಾರ ಉತ್ತರ ಕೊಡಬೇಕು. ಬೇಸ್ಮೆಂಟ್ ಖಾಲಿಯಾದ ಸಿಟ್ಟಿನಲ್ಲಿ ದೀದಿ ಎಂಪಿಗೊಂದು ಕಾಗದ ಬರೆದರು. ಇಂಗ್ಲಿಷ್ ತಿದ್ದಿಕೊಟ್ಟವಳು ನಾನು, ಮಿತಿ ಹಾಕಿದ್ದು ಸರಿ ಅನ್ನುವವಳು! ಕಾಗದ ಚೆನ್ನಾಗಿಯೇ ಬಂದಿತ್ತು. ಅಜ್ಜ ಓದಿ, "ಇದರಲ್ಲಿ ಪ್ರಾವಿನ್ಸ್‌ಗೆ ಬೈಯೋ ಪ್ಯಾರಾ ಒಟ್ಟಾವಾಕ್ಕೆ ಯಾಕೆ ಕಳಿಸ್ತೀರಿ?" ಅಂದರು. ಆ ಪ್ಯಾರಾ ಕತ್ತರಿಸಿ, ಇನ್ನೊಂದು ಕವರಿಗೆ ಹಾಕಿ, ಎಂಪಿಪಿಗೆ, ಅಂದರೆ ಪ್ರಾವಿನ್ಸ್‌ನ ಶಾಸಕರಿಗೆ, ಕಳಿಸಿದೆವು.