ರೀಬೂಟ್ ಆದ ಮೇಲೆ ಎನ್‌ಎಫ್‌ಎಸ್ ಫೋಲ್ಡರ್ ಖಾಲಿ ಕಾಣ್ತಿದೆಯಾ?

ಲಿನಕ್ಸ್ ಸರ್ವರ್ ರೀಬೂಟ್ ಮಾಡಿ ಲಾಗಿನ್ ಆದರೆ ಎನ್‌ಎಫ್‌ಎಸ್ ಫೋಲ್ಡರ್ (ನೆಟ್‌ವರ್ಕ್ ಮೂಲಕ ಬೇರೆ ಸರ್ವರ್‌ನಿಂದ ಬರುವ ಫೋಲ್ಡರ್) ಖಾಲಿ. ಗಾಬರಿಯಲ್ಲಿ ಅದನ್ನು ಜೋಡಿಸುವ ಮೌಂಟ್ ಕಮಾಂಡ್ ಹೊಡೆದರೆ ಫೈಲುಗಳೆಲ್ಲ ಪ್ರತ್ಯಕ್ಷ! ಕೈಯಲ್ಲಿ ಕೊಟ್ಟಾಗ ಆಗುತ್ತದೆ ಅಂದರೆ ಎಫ್‌ಎಸ್‌ಟ್ಯಾಬ್‌ನಲ್ಲಿ (ಬೂಟ್‌ನಲ್ಲಿ ಏನೇನು ಮೌಂಟ್ ಆಗಬೇಕು ಅಂತ ಬರೆದಿಡುವ ಫೈಲ್) ಬರೆದ ವಿಳಾಸ, ಪರ್ಮಿಷನ್ ಎಲ್ಲಾ ಸರಿ ಇದೆ, ಹೆಚ್ಚಾಗಿ ಬೂಟ್ ಹೊತ್ತಿನಲ್ಲಿ ನೆಟ್‌ವರ್ಕ್ ಬರುವ ಮುಂಚೆಯೇ ಮೌಂಟ್ ಹೊರಟಿದೆ ಅಷ್ಟೇ. ಜರ್ನಲ್ ಲಾಗ್‌ನಲ್ಲಿ ‘ನೆಟ್‌ವರ್ಕ್ ಈಸ್ ಅನ್‌ರೀಚಬಲ್’ ಅಂತಲೋ, ಸರ್ವರ್ ಹೆಸರು ರಿಸಾಲ್ವ್ ಆಗಲಿಲ್ಲ ಅಂತಲೋ ಇದ್ದರೆ ಅನುಮಾನವೇ ಬೇಡ.

ಬೂಟ್‌ನಲ್ಲಿ ಸರ್ವಿಸ್‌ಗಳನ್ನು ಶುರು ಮಾಡುವ ಸಿಸ್ಟಮ್‌ಡಿಯಲ್ಲಿ ‘ನೆಟ್‌ವರ್ಕ್ ಟಾರ್ಗೆಟ್’ ಅನ್ನುವ ಹಂತದ ಹೆಸರು ಯಾಮಾರಿಸುತ್ತದೆ. ಅದು ಮುಗಿದರೆ ನೆಟ್‌ವರ್ಕ್ ನೋಡಿಕೊಳ್ಳುವ ಸರ್ವಿಸ್ ಶುರುವಾಯಿತು ಅಂತ ಮಾತ್ರ, ಐಪಿ ಸಿಕ್ಕಿತು ಅಂತಲ್ಲ. ಕಾಯುವುದು ‘ನೆಟ್‌ವರ್ಕ್-ಆನ್‌ಲೈನ್ ಟಾರ್ಗೆಟ್’. ಅದೂ ತಾನಾಗಿ ಕಾಯಲ್ಲ, ‘ವೇಟ್-ಆನ್‌ಲೈನ್’ ಸರ್ವಿಸ್ ಎನೇಬಲ್ ಆಗಿರಬೇಕು. ನೆಟ್‌ವರ್ಕ್ ನೋಡಿಕೊಳ್ಳುವ ಸರ್ವಿಸ್‌ಗಳಲ್ಲಿ ನೆಟ್‌ವರ್ಕ್‌ಮ್ಯಾನೇಜರ್‌ಗೆ ಒಂದು, ನೆಟ್‌ವರ್ಕ್‌ಡಿಗೆ ಇನ್ನೊಂದು ಇದೆ. ನಿಮ್ಮಲ್ಲಿ ಯಾವುದು ಓಡುತ್ತಿದೆಯೋ ಅದರದ್ದನ್ನೇ ಆನ್ ಮಾಡಿ. ಬೂಟ್ ನಿಧಾನ ಅಂತ ಯಾರೋ ಇದನ್ನು ಆಫ್ ಮಾಡಿ ಮರೆತಿರುತ್ತಾರೆ, ಮೊದಲು ಅದನ್ನೇ ನೋಡಿ. ನೆಟ್‌ವರ್ಕ್‌ಡಿ ಆದರೆ ಕೇಬಲ್ ಹಾಕದ ಪೋರ್ಟ್‌ಗೂ ಕಾದು 2 ನಿಮಿಷ ಸುಮ್ನೆ ಕೂತು ಫೇಲ್ ಆಗಬಹುದು, ಅಂಥ ಕಡೆ ಯಾವುದಾದರೂ ಒಂದು ಪೋರ್ಟ್ ಸಿಕ್ಕರೆ ಸಾಕು ಅನ್ನುವ ‘ಎನಿ’ ಆಪ್ಷನ್ ಕೊಡಿ.

ಎಲ್ಲಾ ಹಾಕಿದರೂ ಆಗುತ್ತಿಲ್ಲವಾ? ಸ್ಟ್ಯಾಟಿಕ್ ಐಪಿ (ಕೈಯಲ್ಲೇ ಕೊಟ್ಟ ಖಾಯಂ ಐಪಿ) ಇದೆಯಾ ನೋಡಿ. ಸ್ವಿಚ್‌ನಲ್ಲಿ ಹಳೇ ಮಾದರಿಯ ಸ್ಪ್ಯಾನಿಂಗ್ ಟ್ರೀ (ನೆಟ್‌ವರ್ಕ್‌ನಲ್ಲಿ ಲೂಪ್ ಆಗದಂತೆ ತಡೆಯುವ ವ್ಯವಸ್ಥೆ) ಇದ್ದರೆ ಪೋರ್ಟ್ ಲೈಟ್ ಹೊತ್ತಿದ ಮೇಲೂ 30 ಸೆಕೆಂಡ್ ಪ್ಯಾಕೆಟ್ ಬಿಡುವುದಿಲ್ಲ. ಐಪಿ ಕೂತಿದೆ, ಲಿಂಕ್ ಇದೆ, ಹಾಗಾಗಿ ಸಿಸ್ಟಮ್‌ಡಿ ಪಾಲಿಗೆ ನೆಟ್‌ವರ್ಕ್ ರೆಡಿ! ಸ್ವಿಚ್ ನೋಡಿಕೊಳ್ಳುವವರಿಗೆ ಹೇಳಿ ಆ ಪೋರ್ಟ್‌ಗೆ ಈ ಕಾಯುವಿಕೆ ತಪ್ಪಿಸುವ ಪೋರ್ಟ್‌ಫಾಸ್ಟ್ ಹಾಕಿಸಿ.

ಎಫ್‌ಎಸ್‌ಟ್ಯಾಬ್‌ನಲ್ಲಿ ‘ನೆಟ್‌ಡೆವ್’ (ಇದು ನೆಟ್‌ವರ್ಕ್ ಮೌಂಟ್ ಅಂತ ಹೇಳುವ ಆಪ್ಷನ್) ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಎನ್‌ಎಫ್‌ಎಸ್‌ಗೆ ಅದು ಬೇಕಿಲ್ಲ, ಟೈಪ್ ನೋಡಿಯೇ ಸಿಸ್ಟಮ್‌ಡಿಗೆ ಗೊತ್ತಾಗುತ್ತದೆ. ನಾನು ಹಾಕುವುದು ಎರಡೇ: ಸಿಸ್ಟಮ್‌ಡಿಯ ‘ಆಟೋಮೌಂಟ್’, ಜೊತೆಗೆ ಮೌಂಟ್ ಆಗದಿದ್ದರೂ ಬೂಟ್ ನಿಲ್ಲದಂತೆ ‘ನೋಫೇಲ್’. ಆಗ ಬೂಟ್‌ನಲ್ಲಿ ಯಾರೂ ಕಾಯಬೇಕಿಲ್ಲ, ಫೋಲ್ಡರ್‌ಗೆ ಯಾರಾದರೂ ಮೊದಲ ಸಲ ಕೈ ಹಾಕಿದಾಗ ಮೌಂಟ್ ಆಗುತ್ತದೆ. ಅಷ್ಟರಲ್ಲಿ ಸ್ವಿಚ್ಚೂ ಎದ್ದಿರುತ್ತದೆ ಅಲ್ವಾ?

ಆ ಫೋಲ್ಡರ್ ನಂಬಿಕೊಂಡ ಡೇಟಾಬೇಸೋ ಬ್ಯಾಕಪ್ಪೋ ಇದ್ದರೆ ಅದರ ಯೂನಿಟ್ ಫೈಲ್‌ನಲ್ಲಿ (ಆ ಸರ್ವಿಸ್ ಹೇಗೆ ಓಡಿಸಬೇಕು ಅಂತ ಸಿಸ್ಟಮ್‌ಡಿಗೆ ಹೇಳುವ ಫೈಲ್) ‘ರಿಕ್ವೈರ್ಸ್‌ಮೌಂಟ್ಸ್‌ಫಾರ್’ ಸಾಲು ಬರೆದು ಫೋಲ್ಡರ್ ದಾರಿ ಕೊಡಿ. ಇಲ್ಲದಿದ್ದರೆ ಮೌಂಟ್ ಆಗದ ದಿನ ಬ್ಯಾಕಪ್ ಪೂರ್ತಿ ಲೋಕಲ್ ಡಿಸ್ಕ್‌ಗೆ ಬಿದ್ದು ರೂಟ್ ಪಾರ್ಟಿಷನ್ ತುಂಬಿಕೊಳ್ಳುತ್ತದೆ. ನಾನು ಇನ್ನೊಂದು ಕೆಲಸವನ್ನೂ ಮಾಡುತ್ತೇನೆ: ಮೌಂಟ್ ಆಗದೇ ಇರುವಾಗ ಆ ಖಾಲಿ ಫೋಲ್ಡರ್‌ಗೆ ‘ಸಿಎಚ್‌ಆಟರ್’ ಕಮಾಂಡ್‌ನಿಂದ ಏನೂ ಬದಲಾಯಿಸಲಾಗದಂತೆ ಬೀಗ ಹಾಕಿಡುತ್ತೇನೆ. ಅದರ ಮೇಲೆ ಮೌಂಟ್ ಮಾಮೂಲಿನಂತೆ ಆಗುತ್ತದೆ, ಆಗದಿದ್ದಾಗ ರೂಟ್ ಯೂಸರ್ ಕೂಡ ಅಲ್ಲಿ ಒಂದು ಫೈಲ್ ಇಡಲಾರ.