ಆಕ್ಸಾನ್‌ನಲ್ಲೇ ಪ್ರೋಟೀನ್ ತಯಾರಾಗುತ್ತಿದೆಯೇ ಎಂದು ಪರೀಕ್ಷಿಸುವ ವಿಧಾನ

ಬೆನ್ನುಹುರಿಯಿಂದ ಪಾದದವರೆಗೆ ಚಾಚುವ ಮನುಷ್ಯನ ಚಾಲಕ ನರಕೋಶದ ಆಕ್ಸಾನ್ (ಕೋಶದಿಂದ ಸಂಕೇತ ಒಯ್ಯುವ ಉದ್ದನೆಯ ಎಳೆ) ಸುಮಾರು 1 ಮೀಟರ್ ಉದ್ದವಿರುತ್ತದೆ. ಕೋಶಕಾಯದಲ್ಲಿ (ಕೋಶಕೇಂದ್ರವಿರುವ ಮುಖ್ಯ ಭಾಗದಲ್ಲಿ) ತಯಾರಾದ ಪ್ರೋಟೀನ್ ದಿನಕ್ಕೆ 1 ಮಿಲಿಮೀಟರ್‌ನಂತೆ ನಿಧಾನವಾಗಿ ಸಾಗಿದರೆ ತುದಿ ಮುಟ್ಟಲು ಸುಮಾರು ಎರಡೂಮುಕ್ಕಾಲು ವರ್ಷ ಬೇಕು. ಪ್ರೋಟೀನಿನ ಬದಲು ಅದರ ತಯಾರಿಯ ಸೂಚನೆ ಹೊತ್ತ ಎಂಆರ್‌ಎನ್‌ಎಯನ್ನೇ ದೂರಕ್ಕೆ ಕಳುಹಿಸಿ, ಬೇಕಾದಾಗ ಅಲ್ಲಿಯೇ ಅನುವಾದಿಸಿಕೊಳ್ಳುವ (ಅಂದರೆ ಅದರಿಂದ ಪ್ರೋಟೀನ್ ತಯಾರಿಸಿಕೊಳ್ಳುವ) ದಾರಿ ನರಕೋಶಕ್ಕಿದೆ. 1982ರಲ್ಲಿ ಆಸ್ವಾಲ್ಡ್ ಸ್ಟೀವರ್ಡ್ ಮತ್ತು ವಿಲಿಯಂ ಲೆವಿ ಇಲಿಯ ಮಿದುಳಿನಲ್ಲಿ, ಡೆಂಡ್ರೈಟಿನ (ಸಂಕೇತ ಪಡೆಯುವ ಕವಲಿನ) ಮುಳ್ಳುಗಳ ಬುಡದಲ್ಲಿ, ಪ್ರೋಟೀನ್ ತಯಾರಿಸುವ ರೈಬೋಸೋಮ್‌ಗಳ ಗೊಂಚಲುಗಳಾದ ಪಾಲಿರೈಬೋಸೋಮ್‌ಗಳಿರುವುದನ್ನು ವರದಿ ಮಾಡಿದರು. ಮನುಷ್ಯನ ಆಕ್ಸಾನ್‌ಗಳಲ್ಲೂ ಹೀಗೆ ಸ್ಥಳದಲ್ಲೇ ಪ್ರೋಟೀನ್ ತಯಾರಾಗುತ್ತದೆಯೇ ಎಂದು ಪರೀಕ್ಷಿಸಲು ಇಂದು ಪ್ರೇರಿತ ಕಾಂಡಕೋಶಗಳಿಂದ (ಬೆಳೆದ ಕೋಶಗಳನ್ನು ಮತ್ತೆ ಕಾಂಡಕೋಶದ ಸ್ಥಿತಿಗೆ ತಂದು ಪಡೆದವುಗಳಿಂದ) ಬೆಳೆಸಿದ ನರಕೋಶಗಳನ್ನು ಬಳಸಲಾಗುತ್ತದೆ.

ಮೊದಲು ಆಕ್ಸಾನ್‌ಗಳನ್ನು ಕೋಶಕಾಯಗಳಿಂದ ಬೇರ್ಪಡಿಸಿಕೊಳ್ಳಬೇಕು. ಎರಡು ಕೋಣೆಗಳ ನಡುವೆ ಸುಮಾರು 450 ಮೈಕ್ರೋಮೀಟರ್ ಉದ್ದದ ಕಿರುಗಾಲುವೆಗಳಿರುವ ಮೈಕ್ರೋಫ್ಲೂಯಿಡಿಕ್ ಸಾಧನ ಇದಕ್ಕೆ ಸೂಕ್ತವಾಗಿದೆ. ಡೆಂಡ್ರೈಟ್‌ಗಳು ಸಾಮಾನ್ಯವಾಗಿ ಅಷ್ಟು ದೂರ ಬೆಳೆಯುವುದಿಲ್ಲ, ಆಕ್ಸಾನ್‌ಗಳು ದಾಟಿಹೋಗುತ್ತವೆ. ಆಕ್ಸಾನ್ ಬದಿಯಿಂದ ತೆಗೆದ ಆರ್‌ಎನ್‌ಎಯಲ್ಲಿ ಬೀಟಾ-ಆಕ್ಟಿನ್ ಎಂಬ ಕೋಶದ ಚೌಕಟ್ಟಿನ ಪ್ರೋಟೀನಿನ ಎಂಆರ್‌ಎನ್‌ಎ ಸಿಗಬೇಕು. ಆದರೆ ಡೆಂಡ್ರೈಟಿನ ಗುರುತಾದ ಮ್ಯಾಪ್2 ಆಗಲಿ, ನರಕೋಶಗಳಿಗೆ ಆಸರೆಯಾಗುವ ಗ್ಲಿಯಾ ಕೋಶಗಳ ಗುರುತಾದ ಜಿಎಫ್‌ಎಪಿ ಆಗಲಿ ಕಾಣಬಾರದು. ಕಂಡರೆ ಆ ಮಾದರಿಯನ್ನು ಕೈಬಿಡುವುದೇ ಲೇಸು.

ನಂತರ ಎಂಆರ್‌ಎನ್‌ಎ ಎಲ್ಲಿದೆ ಎಂಬುದನ್ನು ನೋಡಬೇಕು. ತಲಾ 20 ನ್ಯೂಕ್ಲಿಯೋಟೈಡ್‌ಗಳ ಸುಮಾರು 48 ಹೊಳೆಯುವ ಶೋಧಕಗಳು ಒಂದೇ ಅಣುವಿಗೆ ಅಂಟಿಕೊಂಡಾಗ ಆ ಅಣು ಸೂಕ್ಷ್ಮದರ್ಶಕದಲ್ಲಿ ಒಂದು ಚುಕ್ಕೆಯಾಗಿ ಕಾಣುತ್ತದೆ. ಆರ್‌ಎನ್‌ಎಯನ್ನು ತುಂಡರಿಸುವ ಆರ್‌ಎನ್‌ಏಸ್ ಕಿಣ್ವ ಹಾಕಿದ ತಟ್ಟೆಯಲ್ಲಿ ಚುಕ್ಕೆಗಳು ಮಾಯವಾಗದಿದ್ದರೆ ನೀವು ಎಣಿಸಿದ್ದು ಹಿನ್ನೆಲೆಯ ಹೊಳಪು ಮಾತ್ರ. ಆರಂಭಿಕರು ಬೀಟಾ-ಆಕ್ಟಿನ್‌ನಿಂದಲೇ ತೊಡಗುವುದು ಒಳ್ಳೆಯದು, ಏಕೆಂದರೆ ಅದರ ಬಾಲದ ಭಾಗದಲ್ಲಿರುವ 54 ನ್ಯೂಕ್ಲಿಯೋಟೈಡ್‌ಗಳ 'ಜಿಪ್‌ಕೋಡ್' (ತಲುಪಬೇಕಾದ ಜಾಗದ ವಿಳಾಸದಂಥ ಭಾಗ) ಮತ್ತು ಅದನ್ನು ಹಿಡಿದುಕೊಳ್ಳುವ ಝಡ್‌ಬಿಪಿ1 ಪ್ರೋಟೀನ್ ಚೆನ್ನಾಗಿ ಅಧ್ಯಯನಗೊಂಡಿವೆ.

ಎಂಆರ್‌ಎನ್‌ಎ ಅಲ್ಲಿದೆ ಎಂದಮಾತ್ರಕ್ಕೆ ಅದರ ಅನುವಾದ ನಡೆಯುತ್ತಿದೆ ಎಂದಲ್ಲ. ಎಷ್ಟೋ ಅಣುಗಳು ಕಣಗಳೊಳಗೆ ಮೌನವಾಗಿ ಕಾಯುತ್ತಿರುತ್ತವೆ. ಇಲ್ಲಿ ನೆರವಾಗುವುದು ಪ್ಯೂರೊಮೈಸಿನ್ ಎಂಬ ಔಷಧ. ಇದು ಅಮೈನೋ ಆಮ್ಲವನ್ನು ಹೊತ್ತು ತರುವ ಟಿಆರ್‌ಎನ್‌ಎಯ ತುದಿಯನ್ನು ಹೋಲುವುದರಿಂದ ಬೆಳೆಯುತ್ತಿರುವ ಪ್ರೋಟೀನ್ ಎಳೆಗೆ ಸೇರಿಕೊಂಡು ಅದನ್ನು ಅರ್ಧಕ್ಕೆ ನಿಲ್ಲಿಸುತ್ತದೆ, ಆ ಎಳೆಯನ್ನು ಪ್ರತಿಕಾಯದಿಂದ ಗುರುತಿಸಬಹುದು. ಎಡವುವುದೂ ಇಲ್ಲೇ. ಔಷಧವನ್ನು ಎರಡೂ ಕೋಣೆಗಳಿಗೆ ಹಾಕಿದರೆ, ಸೆಕೆಂಡಿಗೆ 1 ಮೈಕ್ರೋಮೀಟರ್‌ನಂತೆ ಸಾಗುವ ಶೀಘ್ರ ಸಾಗಣೆಯಲ್ಲಿ (ಮೇಲೆ ಹೇಳಿದ ನಿಧಾನ ಸಾಗಣೆಯಲ್ಲ) ಕೋಶಕಾಯದ ಸರಕು 10 ನಿಮಿಷಗಳಲ್ಲಿ 600 ಮೈಕ್ರೋಮೀಟರ್ ಚಲಿಸಿ ಕಾಲುವೆಯನ್ನೇ ದಾಟಿಬಿಡಬಹುದು. ಆದ್ದರಿಂದ ಔಷಧವನ್ನು ಆಕ್ಸಾನ್ ಬದಿಗೆ ಮಾತ್ರ ಹಾಕಿ. ಅದು ಹಿಂದಕ್ಕೆ ಹರಿಯದಂತೆ ಕೋಶಕಾಯದ ಬದಿಯಲ್ಲಿ ದ್ರವದ ಮಟ್ಟವನ್ನು ತುಸು ಎತ್ತರದಲ್ಲಿಡಿ. ಜೊತೆಗೆ, ಪ್ರೋಟೀನ್ ತಯಾರಿಯನ್ನು ತಡೆಯುವ ಅನಿಸೊಮೈಸಿನ್ ಮೊದಲೇ ಕೊಟ್ಟ ತಟ್ಟೆಯೊಂದು ಇರಲೇಬೇಕು. ಅದರಲ್ಲಿ ಹೊಳಪು ಬಹುಮಟ್ಟಿಗೆ ಇಳಿಯಬೇಕು.

ಪ್ಯೂರೊಮೈಸಿನ್ ಸೇರಿದ ತುಂಡು ಎಳೆಗಳು ರೈಬೋಸೋಮ್‌ನಿಂದ ಕಳಚಿ ಹರಡಿಕೊಳ್ಳುವುದರಿಂದ, ಹೊಳಪು ಕಂಡ ಬಿಂದುವೇ ಅನುವಾದ ನಡೆದ ಬಿಂದು ಎಂದು ಬರೆಯಬೇಡಿ. 'ಆಕ್ಸಾನ್ ಕೋಣೆಯಲ್ಲಿ' ಎನ್ನುವಷ್ಟಕ್ಕೆ ಮಾತು ನಿಲ್ಲಲಿ. ಇನ್ನೂ ಗಟ್ಟಿಯಾದ ಪುರಾವೆ ಬೇಕಿದ್ದರೆ ಕೋಶಕಾಯಗಳನ್ನು ಹೀರಿ ತೆಗೆದು, ಉಳಿದ ಆಕ್ಸಾನ್‌ಗಳಿಗೆ ಮಾತ್ರ ಔಷಧ ಕೊಡಬಹುದು. ಕತ್ತರಿಸಿದ ಆಕ್ಸಾನ್‌ಗಳು ಕ್ರಮೇಣ ಶಿಥಿಲವಾಗುವುದರಿಂದ ಈ ಕೆಲಸವನ್ನು ಮೊದಲ ಗಂಟೆಯೊಳಗೇ ಮುಗಿಸಿ.