ಆಟಿಯ ಮಳೆಗೂ ಕೆಡದ ಸಿಗಾರ್ ಪೆಟ್ಟಿಗೆ

ಸಿಗಾರ್ ಕೂಡಿಡುವ ಬಗ್ಗೆ ಓದಲು ಸಿಗುವುದು ಹೆಚ್ಚಾಗಿ ಚಳಿ ದೇಶದವರು ಬರೆದದ್ದು. ಅವರಿಗೆ ಸಿಗಾರ್ ಒಣಗಿ ಹೋಗುವ ಹೆದರಿಕೆ. ಅದಕ್ಕೇ ಪೆಟ್ಟಿಗೆಯೊಳಗೆ ನೀರಿನ ಸ್ಪಂಜು ಇಡಿ ಅಂತಾರೆ. ಕಾಸರಗೋಡು ಜಿಲ್ಲೆಯ ಕುಂಬಳೆಯಲ್ಲಿ ಕೂತು ನಾನೂ ಹಾಗೇ ಮಾಡಿದೆ. ಭಾವ ದುಬೈಯಿಂದ ತಂದುಕೊಟ್ಟ ಹತ್ತು ಸಿಗಾರ್, ಹೊಳೆಯುವ ಮರದ ಪೆಟ್ಟಿಗೆ, ಒಳಗೆ ಒದ್ದೆ ಸ್ಪಂಜು. ಆಟಿ ತಿಂಗಳ (ಜುಲೈ–ಆಗಸ್ಟ್) ನಡುವೆ ತೆರೆದು ನೋಡಿದರೆ ಎಲ್ಲದರ ಮೈಮೇಲೂ ಬಿಳಿ ಬೂಷ್ಟು. ಹತ್ತನ್ನೂ ಎಸೆಯಬೇಕಾಯಿತು. ನಮ್ಮ ಊರಿನಲ್ಲಿ ಮಳೆಗಾಲದ ಗಾಳಿಯ ತೇವಾಂಶವೇ ಶೇ 90 ದಾಟುತ್ತದೆ. ಇಲ್ಲಿ ತೇವ ಕೊಡುವುದಲ್ಲ, ತಡೆಯುವುದೇ ಕೆಲಸ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೊಗೆಯನ್ನು ಒಳಗೆ ಎಳೆದುಕೊಳ್ಳದಿದ್ದರೂ ಸಿಗಾರ್‌ನಿಂದ ಬಾಯಿ, ಗಂಟಲಿನ ಕ್ಯಾನ್ಸರ್ ಅಪಾಯ ಇದ್ದೇ ಇದೆ. ನಾನು ಸೇದುವುದು ವರ್ಷಕ್ಕೆ ಮೂರೋ ನಾಲ್ಕೋ. ಸೇದದವರು ಇದಕ್ಕಾಗಿ ಶುರುಮಾಡಲೇಬೇಡಿ. ಮನೆಯಲ್ಲಿ ಮಕ್ಕಳಿದ್ದರೆ ಪೆಟ್ಟಿಗೆಗೆ ಬೀಗ ಬೇಕು.

ಮೊದಲು ಡಬ್ಬಿ, ಆಮೇಲೆ ಸಿಗಾರ್

ಹ್ಯೂಮಿಡಾರ್ ಅಂದರೆ ಸಿಗಾರ್ ಇಡುವ ದುಬಾರಿ ಪೆಟ್ಟಿಗೆ, ಅದನ್ನು ಕೊಳ್ಳಲು ಓಡಬೇಡಿ. ಮಳೆಗಾಲಕ್ಕೆ ಹಪ್ಪಳ ಹಾಕಿಡುತ್ತೇವಲ್ಲ, ಅಂಥ ರಬ್ಬರ್ ಅಂಚಿನ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ ಸಾಕು. ಹೊಸದೇ ಇರಲಿ. ಮಸಾಲೆ ಹಾಕಿದ ಡಬ್ಬಿಯ ವಾಸನೆ ಎಷ್ಟು ತೊಳೆದರೂ ಹೋಗುವುದಿಲ್ಲ, ಸಿಗಾರ್ ಅದನ್ನು ಹೀರಿಕೊಳ್ಳುತ್ತದೆ. ತಳಕ್ಕೆ ಮರದ ತೆಳು ಹಲಗೆ ಹಾಸಿದರೆ ಒಳ್ಳೆಯದು. ಹೊರದೇಶದಲ್ಲಿ ಇದಕ್ಕೆ ಸ್ಪ್ಯಾನಿಶ್ ಸೀಡರ್ ಬಳಸುತ್ತಾರೆ. ಹೆಸರು ಸೀಡರ್ ಆದರೂ ಅದು ಬೇವು, ಮಹಾಗನಿಯ ಕುಟುಂಬದ ಮರ. ನಮ್ಮ ಪಶ್ಚಿಮ ಘಟ್ಟದ ಗಂಧಗರಿಗೆ ಅದರ ಹತ್ತಿರದ ನೆಂಟ. ಹಿಂದೆ ಅದರಿಂದಲೂ ಸಿಗಾರ್ ಪೆಟ್ಟಿಗೆ ಮಾಡುತ್ತಿದ್ದರು. ಪರಿಚಯದ ಆಚಾರಿ ಇದ್ದರೆ ಹಳೆಯ ಪೀಠೋಪಕರಣದ ಗಂಧಗರಿಗೆ ತುಂಡು ಕೇಳಿ ನೋಡಿ. ಪಾಲಿಶ್ ಹಾಕಿಸಬೇಡಿ.

ಇನ್ನು ತೇವ ಅಳೆಯುವ ಹೈಗ್ರೋಮೀಟರ್. ಅಂಗಡಿಯಿಂದ ತಂದ ಕೂಡಲೇ ಅದನ್ನು ನಂಬುವ ಹಾಗಿಲ್ಲ. ಸೋಡಾ ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ. ನಾಲ್ಕು ಹನಿ ನೀರು ಬಿಡಿ. ಉಪ್ಪು ಕರಗಬಾರದು, ಕಡಲ ಬದಿಯ ಒದ್ದೆ ಹೊಯಿಗೆಯ ಹದಕ್ಕೆ ಬರಬೇಕು. ಮುಚ್ಚಳವನ್ನೂ ಮೀಟರನ್ನೂ ಒಂದೇ ಜಿಪ್ ಕವರಿನಲ್ಲಿಟ್ಟು ಗಟ್ಟಿಯಾಗಿ ಮುಚ್ಚಿ, ಒಂದು ದಿನ ಮುಟ್ಟಬೇಡಿ. ಒದ್ದೆ ಉಪ್ಪಿನ ಮೇಲಿನ ಗಾಳಿಯಲ್ಲಿ ತೇವಾಂಶ ಶೇ 75ಕ್ಕೆ ನಿಲ್ಲುತ್ತದೆ. ನನ್ನ ಮೀಟರ್ 79 ತೋರಿಸಿತು. ಅಂದರೆ 4 ಜಾಸ್ತಿ. ಅಂದಿನಿಂದ ಅದು ತೋರಿಸುವುದರಲ್ಲಿ 4 ಕಳೆದೇ ಓದುತ್ತೇನೆ.

ಡಬ್ಬಿಯೊಳಗೆ ಸ್ಪಂಜಿನ ಬದಲು ಎರಡೂ ಕಡೆ ಕೆಲಸ ಮಾಡುವ ಪೊಟ್ಟಣ ಇಡಿ. ಒಣಗಿದರೆ ತೇವ ಬಿಡುತ್ತದೆ, ಹೆಚ್ಚಾದರೆ ಹೀರುತ್ತದೆ. ಬೊವೇಡಾ ಕಂಪನಿಯ ಪೊಟ್ಟಣಗಳಲ್ಲಿ 62, 65, 69, 72 ಅಂತ ಅಂಕಿ ಇರುತ್ತದೆ, ಡಬ್ಬಿಯೊಳಗೆ ಅದು ಉಳಿಸುವ ತೇವಾಂಶದ ಶೇಕಡಾ ಅದು. ಎಲ್ಲರೂ 69 ಹೇಳುತ್ತಾರೆ. ಎಸಿ ಇಲ್ಲದ ನಮ್ಮ ಮನೆಗಳಿಗೆ 65 ಅಥವಾ 62 ಸರಿ, ಸೆಖೆ ಜಾಸ್ತಿ ಇದ್ದಲ್ಲಿ ಬೂಷ್ಟು ಬೇಗ ಬರುತ್ತದೆ. ಡಬ್ಬಿಯನ್ನು ಹಂಚಿನ ಕೆಳಗಿನ ಅಟ್ಟದಲ್ಲಿ ಇಡಲೇಬಾರದು. ಬಿಸಿಲು ತಾಗದ ಒಳಕೋಣೆಯ ನೆಲವೇ ಮನೆಯಲ್ಲಿ ತಂಪು ಜಾಗ.

ಕುಟ್ಟೆ ಹುಳ

ಅಡಿಕೆ ಕೂಡಿಟ್ಟವರಿಗೆ ಕುಟ್ಟೆ ಹಿಡಿಯುವುದು ಗೊತ್ತಿರುತ್ತದೆ. ಸಿಗಾರ್‌ಗೂ ಅಂಥದೇ ಒಂದು ಹುಳ. ಅರಿಸಿನ, ಕೊತ್ತಂಬರಿ ಡಬ್ಬಿಯಲ್ಲಿ ಕಾಣುವ ಸಣ್ಣ ಕಂದು ಹುಳ ಇದೆಯಲ್ಲ, ಅದೇ ಇದು. ಅದರ ಮೊಟ್ಟೆ ಎಲೆಯ ಜೊತೆಗೇ ಬಂದಿರಬಹುದು. ಸೆಖೆ ಏರಿದಾಗ ಒಡೆಯುತ್ತದೆ, ಮರಿ ಒಳಗಿಂದ ಕೊರೆಯುತ್ತದೆ. ಸೂಜಿ ಚುಚ್ಚಿದಂಥ ತೂತು, ಸುತ್ತ ನಯವಾದ ಹುಡಿ ಕಂಡರೆ ತಡವಾಯಿತೆಂದೇ ಲೆಕ್ಕ.

ಹಾಗಾಗಿ ಹೊಸ ಸಿಗಾರ್ ಬಂದ ದಿನವೇ ಎರಡು ಜಿಪ್ ಕವರಿನಲ್ಲಿ ಹಾಕಿ. ಒಂದು ದಿನ ಫ್ರಿಜ್ಜಿನೊಳಗೆ ಕೆಳಗಿನ ಖಾನೆಯಲ್ಲಿ, ಮೂರು ದಿನ ಫ್ರೀಜರಿನಲ್ಲಿ, ಮತ್ತೆ ಒಂದು ದಿನ ಕೆಳಗಿನ ಖಾನೆಯಲ್ಲಿ. ಹೊರಗಿಟ್ಟ ಮೇಲೂ ಕವರ್ ಕೋಣೆಯ ಬಿಸಿಗೆ ಬರುವ ತನಕ ತೆರೆಯಬೇಡಿ. ಅವಸರ ಮಾಡಿದರೆ ತಣ್ಣನೆ ಎಲೆಯ ಮೇಲೆ ಗಾಳಿಯ ನೀರು ಕೂರುತ್ತದೆ, ಹೊರ ಎಲೆ ಸೀಳುತ್ತದೆ.

ಏನು ಕೊಳ್ಳುವುದು

ಇಡೀ ಪೆಟ್ಟಿಗೆ ಬೇಡ, ಒಂದೊಂದೇ ಕೊಳ್ಳಿ. ಕ್ಯೂಬಾದ್ದೊಂದು, ನಿಕರಾಗುವಾದ ಎಸ್ತೆಲಿ ಊರಿನದೊಂದು, ಡೊಮಿನಿಕನ್ ಗಣರಾಜ್ಯದ್ದೊಂದು. ಅಳತೆಯಲ್ಲಿ 5 ಇಂಚು ಉದ್ದದ ರೊಬಸ್ಟೊ ಹಿಡಿಯಿರಿ. ಅದರ ದಪ್ಪ 50 ಅಂತ ಬರೆದಿದ್ದರೆ ಇಂಚಿನ 64 ಭಾಗದಲ್ಲಿ 50 ಎಂದರ್ಥ. ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿ ಕ್ಯೂಬಾದ ಹೆಸರಾಂತ ಕೊಹಿಬಾ ಸಿಗಾರ್ ಅಂತ ಯಾರಾದರೂ ಕೊಟ್ಟರೆ ಅದು ನಕಲಿ. ಅಸಲಿ ಪೆಟ್ಟಿಗೆಯ ತಳದಲ್ಲಿ ತಿಂಗಳು, ವರ್ಷದ ಮುದ್ರೆ ಇರುತ್ತದೆ.

ದಿಂಡಿಗಲ್, ತಿರುಚ್ಚಿಯ ಚುಟ್ಟಗಳನ್ನು ಬಿಡಬೇಡಿ. ಇವು ಬ್ರಿಟಿಷರ ಕಾಲದಲ್ಲಿ ಲಂಡನ್ ವರೆಗೂ ಹೋಗಿ ಹೆಸರು ಮಾಡಿದ್ದವು. ಇಂಗ್ಲಿಷಿನ ಚುರೂಟ್ ಎಂಬ ಪದ ಬಂದದ್ದೇ ತಮಿಳಿನ ಸುರುಟ್ಟುವಿನಿಂದ. ನಾವು ಚಾಪೆ ಸುರುಟುತ್ತೇವಲ್ಲ, ಅದೇ ಮಾತು. ನಮ್ಮ ಜಿಲ್ಲೆಯ ಪಳ್ಳಿಕ್ಕೆರೆ ಕಡೆಯ ಹೊಯಿಗೆ ನೆಲದಲ್ಲೂ ಹೊಗೆಸೊಪ್ಪು ಬೆಳೆಯುತ್ತಿದ್ದರು. ಅದು ಎಲೆಅಡಿಕೆಯ ಜೊತೆ ಜಗಿಯಲು. ಚುಟ್ಟದ ಘಾಟು ಜಾಸ್ತಿ, ಅದಕ್ಕೆ ಬೇರೆಯೇ ಡಬ್ಬಿ.

ಗಲ್ಫಿನಿಂದ ಬರುವವರ ಹತ್ತಿರ ತರಿಸುವುದಾದರೆ ಒಬ್ಬರಿಗೆ ಸುಂಕವಿಲ್ಲದೆ 25 ಸಿಗಾರ್ ಎಂಬ ಮಿತಿ ನೆನಪಿರಲಿ.

ಹದ ತಿಳಿಯಲು ಬೆರಳೇ ಸಾಕು. ಬೀಡಿ ಕಟ್ಟುವ ಮನೆಗಳಲ್ಲಿ ಎಲೆಯನ್ನು ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಮೆತ್ತಗಾದ ಮೇಲೆಯೇ ಕತ್ತರಿ ಹಾಕುತ್ತಾರೆ. ನೆರೆಮನೆಯ ಅಕ್ಕ ಎಲೆಯನ್ನು ಹೆಬ್ಬೆರಳಲ್ಲಿ ಒತ್ತಿ ನೋಡುವುದನ್ನು ಕಂಡೇ ನಾನು ಕಲಿತದ್ದು. ಸಿಗಾರ್ ಮೆಲ್ಲಗೆ ಒತ್ತಿದಾಗ ತುಸು ತಗ್ಗಿ ಮತ್ತೆ ಎದ್ದರೆ ಸರಿ. ಚರಚರ ಅಂದರೆ ಒಣಗಿದೆ. ತಗ್ಗಿದಲ್ಲೇ ಉಳಿದರೆ ತೇವ ಜಾಸ್ತಿ.

ಇಷ್ಟವಾದ ಜಾತಿಯದ್ದು ಮೂರು ಕೊಂಡು, ಪುಸ್ತಕದಲ್ಲಿ ತಾರೀಕು ಬರೆದಿಡಿ. ಒಂದು ಈಗ, ಒಂದು ವರ್ಷ ಕಳೆದು, ಇನ್ನೊಂದು ಮೂರು ವರ್ಷಕ್ಕೆ. ಹೊಸತರಲ್ಲಿ ಮೂಗಿಗೆ ಹೊಡೆಯುವ ಅಮೋನಿಯಾ ಘಾಟು ಇಳಿಯುತ್ತಾ ಹೋಗುವುದು ಆಗ ಗೊತ್ತಾಗುತ್ತದೆ.

ಪತ್ತನಾಜೆ (ಮೇ ಕೊನೆಗೆ, ಮಳೆಗಾಲದ ಮುಂಚೆ) ಬರುವ ಹೊತ್ತಿಗೆ ಪೊಟ್ಟಣ ಬದಲಿಸಿ, ರಬ್ಬರ್ ಅಂಚು ಒರೆಸಿಡಿ. ಮಳೆ ಹಿಡಿದ ಮೇಲೆ ಹದಿನೈದು ದಿನಕ್ಕೊಮ್ಮೆ, ಹೊಳವಾದ ಹೊತ್ತು ನೋಡಿ ತೆರೆಯಿರಿ. ಬಿಳಿ ಹುಡಿಯನ್ನು ಎಲೆಯ ಎಣ್ಣೆ ಅಂತ ಹೇಳುವವರಿದ್ದಾರೆ, ನಂಬಬೇಡಿ, ಅದು ಬೂಷ್ಟೇ. ಕಂಡದ್ದನ್ನು ಆಗಲೇ ಬೇರೆ ಮಾಡಿ.